ಕಾಣದ ಜೀವಿಗಳ ಅನ್ವೇಷಕ ಲೂಯಿ ಪಾಶ್ಚರ್

ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. 2007ರಿಂದ ಆಚರಣೆಯಲ್ಲಿರುವ ಈ ದಿನಕ್ಕೆ ಆ ದಿನಾಂಕವನ್ನೇ ಆರಿಸಿದ್ದಕ್ಕೆ ಕಾರಣವಿದೆ. ಹುಚ್ಚುನಾಯಿ ಕಡಿತಕ್ಕೆ ಲಸಿಕೆಯ ಮಾರ್ಗವನ್ನು ತೋರಿಸಿಕೊಟ್ಟ ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರ್ ಅವರು ಇಹಲೋಕವನ್ನು ತ್ಯಜಿಸಿದ್ದು 1895ರ ಸೆಪ್ಟೆಂಬರ್ 28ರಂದು. ಅದಾದ ಮೂರು ದಿನಗಳಿಗೆ ಅಕ್ಟೋಬರ್, ಅಂದರೆ ನಮ್ಮ ಜಪಸರದ ಮಾಸ, ಆರಂಭವಾಗುತ್ತದೆ. ಈ ಎರಡನ್ನೂ ಬೆಸೆಯುವ ಕಥೆಯೊಂದು ಕಥೋಲಿಕರಲ್ಲಿ ಬಹುಕಾಲದಿಂದ ಪ್ರಚಾರದಲ್ಲಿದೆ.

ರೈಲಿನಲ್ಲಿ ವೃದ್ಧರೊಬ್ಬರು ಜಪಸರವನ್ನು ಎಣಿಸುತ್ತಾ ಕುಳಿತಿರುತ್ತಾರೆ. ಪಕ್ಕದಲ್ಲಿದ್ದ ತರುಣ ವಿದ್ಯಾರ್ಥಿ ಅದನ್ನು ಕಂಡು ನಗುತ್ತಾನೆ. ಮೂಢನಂಬಿಕೆಯನ್ನು ಬಿಟ್ಟು ವಿಜ್ಞಾನವನ್ನು ಓದುವಂತೆ ಬುದ್ಧಿ ಹೇಳುತ್ತಾನೆ. ಒಳ್ಳೆಯ ಪುಸ್ತಕಗಳನ್ನು ಕಳುಹಿಸಿಕೊಡುವುದಾಗಿ ಹೇಳಿ ವಿಳಾಸವನ್ನೂ ಕೇಳುತ್ತಾನೆ. ವೃದ್ಧರು ಕೊಟ್ಟ ಚೀಟಿಯಲ್ಲಿ ಲೂಯಿ ಪಾಶ್ಚರ್ ಎಂಬ ಹೆಸರಿರುತ್ತದೆ. ತರುಣ ನಾಚಿ ತಲೆತಗ್ಗಿಸುತ್ತಾನೆ.

ಈ ಕಥೆಯನ್ನು ನಾನೂ ಅನೇಕ ವರ್ಷ ಅಕ್ಟೋಬರ್ ತಿಂಗಳ ಪ್ರಬೋಧನೆಗಳಲ್ಲಿ ಹೇಳಿದ್ದೇನೆ. ಒಮ್ಮೆ ಬಲಿಪೂಜೆಯ ಬಳಿಕ, ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದುತ್ತಿದ್ದ ನಮ್ಮ ಧರ್ಮಕೇಂದ್ರದ ಹುಡುಗಿಯೊಬ್ಬಳು ಬಳಿಗೆ ಬಂದು, ಇದು ಯಾವ ಗ್ರಂಥದಲ್ಲಿದೆ ಎಂದು ವಿನಯದಿಂದಲೇ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಹುಡುಕಿ ನೋಡಿದೆ. ಪಾಶ್ಚರ್ ಅವರ ಅಳಿಯ ರೆನೆ ವಲೆರಿ-ರಾಡೊ 1900ರಲ್ಲಿ ಪ್ರಕಟಿಸಿದ ವಿಸ್ತಾರವಾದ ಜೀವನಚರಿತ್ರೆಯಲ್ಲಿ ಇಂಥ ಪ್ರಸಂಗವಿಲ್ಲ. ಕಥೆಗೆ ವಿಶ್ವಾಸಾರ್ಹವಾದ ಬೇರೆ ಆಧಾರವೂ ಇಲ್ಲ. ಪೀಠದ ಮುಂದೆ ನಿಂತು ಆಡಿದ ಮಾತನ್ನು ತಿದ್ದುವುದು ಗುರುವಾದವನ ಕರ್ತವ್ಯ. ಕಥೆಯಲ್ಲಿನ ಪಾಶ್ಚರ್‌ಗಿಂತ ನಿಜವಾದ ಪಾಶ್ಚರ್ ನಮಗೆ ಹೆಚ್ಚು ಕಲಿಸಬಲ್ಲರು ಎಂಬ ನಂಬಿಕೆಯಿಂದ ಅವರ ಜೀವನವನ್ನು ಇಲ್ಲಿ ನಿರೂಪಿಸುತ್ತಿದ್ದೇನೆ.

ಚರ್ಮ ಹದಮಾಡುವವನ ಮಗ

ಪೂರ್ವ ಫ್ರಾನ್ಸಿನ ಜೂರಾ ಪ್ರಾಂತದ ದೋಲ್ ಎಂಬ ಊರಿನಲ್ಲಿ 1822ರ ಡಿಸೆಂಬರ್ 27ರಂದು ಲೂಯಿ ಜನಿಸಿದರು. ತಂದೆ ಜಾನ್-ಜೋಸೆಫ್ ನೆಪೋಲಿಯನ್ನನ ಸೈನ್ಯದಲ್ಲಿ ಹೋರಾಡಿ ಹಿಂದಿರುಗಿ ಚರ್ಮ ಹದಮಾಡುವ ಕುಲಕಸುಬನ್ನು ಹಿಡಿದಿದ್ದರು. ಕುಟುಂಬ ಕೆಲವು ವರ್ಷಗಳಲ್ಲಿ ಆರ್ಬ್ವಾ ಎಂಬ ಪಟ್ಟಣಕ್ಕೆ ಬಂದು ನೆಲೆಸಿತು. ಬಾಲಕ ಲೂಯಿ ಶಾಲೆಯಲ್ಲಿ ಅಸಾಧಾರಣನೆನಿಸಿರಲಿಲ್ಲ. ಅವನ ಒಲವು ಚಿತ್ರ ಬರೆಯುವುದರತ್ತ ಇತ್ತು. ತಂದೆ-ತಾಯಿಯರ ಹಾಗೂ ನೆರೆಹೊರೆಯವರ ಭಾವಚಿತ್ರಗಳನ್ನು ಅವನು ಸೊಗಸಾಗಿ ಬರೆದಿದ್ದಾನೆ. ಹದಿನೈದರ ಪ್ರಾಯದಲ್ಲಿ ಓದಿಗೆಂದು ಪ್ಯಾರಿಸಿಗೆ ಹೋದಾಗ ಮನೆಯ ನೆನಪು ತಾಳಲಾರದೆ ಹಿಂದಿರುಗಿದ. 1842ರಲ್ಲಿ ದಿಜೋನಿನಲ್ಲಿ ಬರೆದ ಪದವಿ ಪರೀಕ್ಷೆಯಲ್ಲಿ ರಸಾಯನಶಾಸ್ತ್ರದಲ್ಲಿ ಅವನು ಸಾಧಾರಣನೆಂಬ ಷರಾ ದಾಖಲಾಗಿದೆ. ಮಕ್ಕಳ ಅಂಕಪಟ್ಟಿ ಹಿಡಿದು ನಿಟ್ಟುಸಿರು ಬಿಡುವ ತಂದೆ-ತಾಯಿಯರು ಈ ಸಂಗತಿಯನ್ನು ನೆನಪಿಟ್ಟುಕೊಳ್ಳಬಹುದು.

ಮರುವರ್ಷ ಪ್ಯಾರಿಸಿನ ಪ್ರಸಿದ್ಧ ಎಕೋಲ್ ನೋರ್ಮಾಲ್ ವಿದ್ಯಾಸಂಸ್ಥೆಗೆ ಪ್ರವೇಶ ದೊರೆಯಿತು. ಅಲ್ಲಿ 1848ರಲ್ಲಿ, ಇನ್ನೂ ಇಪ್ಪತ್ತೈದರ ಪ್ರಾಯದಲ್ಲಿ, ಅವರ ಮೊದಲ ಮಹಾಶೋಧನೆ ನಡೆಯಿತು. ದ್ರಾಕ್ಷಾರಸದ ಪೀಪಾಯಿಗಳಲ್ಲಿ ದೊರೆಯುವ ಟಾರ್ಟಾರಿಕ್ ಆಮ್ಲಕ್ಕೂ ಅದರ ಜೊತೆಯದೆನ್ನಬಹುದಾದ ಮತ್ತೊಂದು ಆಮ್ಲಕ್ಕೂ ರಾಸಾಯನಿಕ ರಚನೆ ಒಂದೇ. ಆದರೂ ಮೊದಲನೆಯದು ಬೆಳಕಿನ ಕಂಪನದ ತಲವನ್ನು ತಿರುಗಿಸುತ್ತಿತ್ತು, ಎರಡನೆಯದು ತಿರುಗಿಸುತ್ತಿರಲಿಲ್ಲ. ಪಾಶ್ಚರ್ ಎರಡನೆಯದರ ಲವಣದ ಹರಳುಗಳನ್ನು ಸೂಕ್ಷ್ಮವಾಗಿ ನೋಡಿದರು. ಅವು ಎರಡು ಬಗೆಯವಾಗಿದ್ದವು. ಎಡಗೈ ಬಲಗೈಗಳಂತೆ ಒಂದು ಇನ್ನೊಂದರ ಕನ್ನಡಿಯ ಪ್ರತಿಬಿಂಬವಾಗಿತ್ತು. ಚಿಮಟದಿಂದ ಒಂದೊಂದೇ ಹರಳನ್ನು ಬೇರ್ಪಡಿಸಿ ಎರಡು ರಾಶಿ ಮಾಡಿ ಕರಗಿಸಿದಾಗ ಒಂದು ರಾಶಿ ಬೆಳಕನ್ನು ಬಲಕ್ಕೂ ಇನ್ನೊಂದು ಎಡಕ್ಕೂ ತಿರುಗಿಸಿತು. ಅವೆರಡೂ ಸಮನಾಗಿ ಬೆರೆತಿದ್ದುದರಿಂದಲೇ ಪರಿಣಾಮ ಶೂನ್ಯವಾಗಿ ಕಾಣುತ್ತಿತ್ತು. ವೃದ್ಧ ವಿಜ್ಞಾನಿ ಬಿಯೊ ಇದನ್ನು ನಂಬದೆ ತಮ್ಮ ಕಣ್ಣೆದುರೇ ಪ್ರಯೋಗವನ್ನು ಮತ್ತೆ ಮಾಡಿಸಿ ನೋಡಿ ಒಪ್ಪಿಕೊಂಡರು. ಮುಂದೆ ಬೂಷ್ಟೊಂದು ಆ ಮಿಶ್ರಣದಲ್ಲಿ ಒಂದು ಬಗೆಯನ್ನು ಮಾತ್ರ ಆರಿಸಿ ತಿನ್ನುವುದನ್ನು ಪಾಶ್ಚರ್ ಕಂಡರು. ಜೀವವಿರುವುದು ಆಯ್ಕೆ ಮಾಡುತ್ತದೆ ಎಂಬ ಈ ಅರಿವು ಅವರನ್ನು ಹರಳುಗಳಿಂದ ಜೀವಿಗಳತ್ತ ಕರೆದೊಯ್ದಿತು.

1849ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಪ್ರಾಧ್ಯಾಪಕರಾದ ಅವರು ಅದೇ ವರ್ಷ ಮೇ 29ರಂದು ಮರಿ ಲೊರಾಂ ಅವರನ್ನು ವರಿಸಿದರು. ಪತಿಯ ಟಿಪ್ಪಣಿಗಳನ್ನು ಸಂಜೆಯ ವೇಳೆ ಬರೆದುಕೊಳ್ಳುತ್ತಾ, ಅವರ ಮೌನವನ್ನೂ ಸಿಡುಕನ್ನೂ ಸಹಿಸುತ್ತಾ ಈ ಭಕ್ತಿವಂತ ಮಹಿಳೆ ನಲವತ್ತಾರು ವರ್ಷ ಜೊತೆಯಾಗಿ ನಡೆದರು.

ಹುಳಿಯಾದ ದ್ರವದಲ್ಲಿ ಕಂಡ ಜೀವಲೋಕ

1854ರಲ್ಲಿ ಪಾಶ್ಚರ್ ಲಿಲ್ ನಗರದ ವಿಜ್ಞಾನ ವಿಭಾಗದ ಮುಖ್ಯಸ್ಥರಾದರು. ಬೀಟ್‌ಗೆಡ್ಡೆಯಿಂದ ಮದ್ಯಸಾರ ತೆಗೆಯುತ್ತಿದ್ದ ಅಲ್ಲಿನ ಕಾರ್ಖಾನೆದಾರರೊಬ್ಬರು 1856ರಲ್ಲಿ ತಮ್ಮ ಪೀಪಾಯಿಗಳು ಹುಳಿಯಾಗಿ ಕೆಡುತ್ತಿರುವುದಕ್ಕೆ ಪರಿಹಾರ ಕೇಳಿ ಬಂದರು. ಹುದುಗುವಿಕೆಯೆಂದರೆ ಕೊಳೆಯುವ ವಸ್ತುವಿನಿಂದ ಆಗುವ ಕೇವಲ ರಾಸಾಯನಿಕ ಕ್ರಿಯೆಯೆಂದು ಜರ್ಮನಿಯ ಮಹಾರಸಾಯನಜ್ಞ ಲೀಬಿಗ್ ಸಾರಿದ್ದ ಕಾಲವದು. ಪಾಶ್ಚರ್ ಸೂಕ್ಷ್ಮದರ್ಶಕದಡಿ ನೋಡಿದಾಗ, ಸರಿಯಾಗಿ ಹುದುಗಿದ ದ್ರವದಲ್ಲಿ ದುಂಡಗಿನ ಯೀಸ್ಟ್ ಕಣಗಳೂ ಕೆಟ್ಟ ದ್ರವದಲ್ಲಿ ಅವುಗಳಿಗಿಂತ ಬಹು ಸಣ್ಣವಾದ ಬೇರೆ ಜೀವಿಗಳೂ ಕಂಡವು. 1857ರಲ್ಲಿ ಅವರು ಹಾಲು ಹುಳಿಯಾಗಿಸುವ ಜೀವಿಗಳ ಬಗ್ಗೆ ಪ್ರಬಂಧ ಮಂಡಿಸಿದರು. ಒಂದೊಂದು ಬಗೆಯ ಹುದುಗುವಿಕೆಗೂ ಒಂದೊಂದು ಬಗೆಯ ಜೀವಿ ಕಾರಣವೆಂಬುದು ಅದರ ಸಾರ.

ನಮ್ಮ ತಾಯಂದಿರು ಹಾಲಿಗೆ ಹೆಪ್ಪು ಹಾಕುವಾಗ, ದೋಸೆಯ ಹಿಟ್ಟನ್ನು ರಾತ್ರಿಯಿಡೀ ಹುಳಿಬರಲು ಬಿಡುವಾಗ ಮಾಡುವುದು ಇದೇ ಕೆಲಸ. ಕಣ್ಣಿಗೆ ಕಾಣದ ಕೋಟ್ಯಂತರ ಬ್ಯಾಕ್ಟೀರಿಯಾಗಳನ್ನು ಒಂದು ಚಮಚ ಮೊಸರಿನಲ್ಲಿ ಹೊಸ ಮನೆಗೆ ಕಳುಹಿಸುತ್ತಾರೆ. ಬ್ಯಾಕ್ಟೀರಿಯಾ ಒಂದೇ ಜೀವಕೋಶದ, ಆದರೆ ಸ್ವತಃ ಪರಿಪೂರ್ಣವಾದ ಜೀವಿ. ಅದರ ಉದ್ದ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಸಾವಿರದ ಒಂದೆರಡು ಭಾಗ. ಅದಕ್ಕೆ ಹೊರಗೋಡೆಯಿದೆ, ಒಳಪೊರೆಯಿದೆ, ತನ್ನ ವಂಶದ ಲಿಪಿಯಾದ ಡಿಎನ್‌ಎ ಇದೆ. ನಮ್ಮ ಜೀವಕೋಶಗಳಲ್ಲಿರುವಂತೆ ಪ್ರತ್ಯೇಕ ಕೋಶಕೇಂದ್ರ ಮಾತ್ರ ಇಲ್ಲ. ಅದು ಆಹಾರ ಪಡೆಯುತ್ತದೆ, ಬೆಳೆಯುತ್ತದೆ, ಒಂದು ಎರಡಾಗಿ ಸೀಳುತ್ತದೆ. ಅನುಕೂಲ ಒದಗಿದರೆ ಕೆಲವು ಜಾತಿಗಳು ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಎಲ್ಲವೂ ನಮಗೆ ಶತ್ರುಗಳಲ್ಲ. ನಮ್ಮ ಕರುಳಿನಲ್ಲಿ, ತೊಗರಿ-ಹುರುಳಿಗಳ ಬೇರಿನ ಗಂಟುಗಳಲ್ಲಿ ಅವು ಉಪಕಾರಿಗಳಾಗಿ ನೆಲೆಸಿವೆ. ರೋಗ ತರುವಂಥವು ಅಲ್ಪಭಾಗ.

ದ್ರಾಕ್ಷಾರಸ ಕೆಡುವುದಕ್ಕೂ ಇಂಥ ಜೀವಿಗಳೇ ಕಾರಣವೆಂದು ಕಂಡುಕೊಂಡ ಪಾಶ್ಚರ್, ಅದನ್ನು ಕುದಿಸದೆ 50ರಿಂದ 60 ಡಿಗ್ರಿಗಳವರೆಗೆ ಬಿಸಿಮಾಡಿದರೆ ರುಚಿಗೆಡದೆ ಉಳಿಯುತ್ತದೆಂದು 1860ರ ದಶಕದ ಮಧ್ಯದಲ್ಲಿ ತೋರಿಸಿದರು. ಹಾಲಿಗೆ ಈ ಕ್ರಮವನ್ನು ಅನ್ವಯಿಸಿದ್ದು ಬಳಿಕ ಬಂದ ಬೇರೆಯವರು. ಇಂದು ಹಾಲಿನ ಪೊಟ್ಟಣದ ಮೇಲೆ ಪಾಶ್ಚರೀಕರಿಸಿದ್ದೆಂದು ಅಚ್ಚಾಗಿರುವ ಪದ ಅವರ ಹೆಸರಿನಿಂದಲೇ ಬಂದುದು. ಬಲಿಪೂಜೆಗೆ ಬಳಸುವ ದ್ರಾಕ್ಷಾರಸ ಕೆಡದೆ ಇರಬೇಕೆಂಬುದು ಧರ್ಮಸಭೆಯ ಕಾನೂನಿನ 924ನೆಯ ವಿಧಿ. ಅದು ಹುಳಿಯಾಗುವುದೇಕೆಂದು ವಿವರಿಸಿದವರಿಗೆ ಗುರುಗಳಾದ ನಾವೂ ಋಣಿಗಳು.

ಜೀವ ತಾನಾಗಿ ಹುಟ್ಟುವುದೇ?

ಈ ಜೀವಿಗಳು ಎಲ್ಲಿಂದ ಬರುತ್ತವೆ ಎಂಬ ಪ್ರಶ್ನೆ ಆ ಮೇಲೆ ಎದ್ದಿತು. ನಿರ್ಜೀವ ವಸ್ತುವಿನಿಂದ ಅವು ತಾವಾಗಿಯೇ ಹುಟ್ಟುತ್ತವೆ ಎಂಬುದು ಹಳೆಯ ನಂಬಿಕೆ. ಸೆಮಿನರಿಯಲ್ಲಿ ತತ್ತ್ವಶಾಸ್ತ್ರ ಓದಿದವರಿಗೆ ಇದು ಹೊಸದಲ್ಲ. ಕೆಸರಿನಿಂದ ಕೆಲವು ಪ್ರಾಣಿಗಳು ಹುಟ್ಟುತ್ತವೆಂದು ಅರಿಸ್ಟಾಟಲ್ ಬೋಧಿಸಿದ್ದ. ಸಂತ ಅಗಸ್ಟೀನರೂ ಸಂತ ಥಾಮಸ್ ಅಕ್ವಿನಾಸರೂ ಅದನ್ನು ಅಲ್ಲಗಳೆಯಲಿಲ್ಲ. ಜಡವಸ್ತುವಿಗೆ ಜೀವ ತಳೆಯುವ ಸಾಮರ್ಥ್ಯವಿದ್ದರೆ ಅದನ್ನು ಇತ್ತವನೂ ದೇವರೇ ಅಲ್ಲವೇ ಎಂಬುದು ಅವರ ನಿಲುವು. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸಿನಲ್ಲಿ ಮಾತ್ರ ಈ ವಾದ ಧರ್ಮ-ಅಧರ್ಮಗಳ ಸಮರದಂತೆ ಕಾಣತೊಡಗಿತ್ತು. ಸೃಷ್ಟಿಕರ್ತನ ಅಗತ್ಯವಿಲ್ಲವೆನ್ನುವವರು ಸ್ವಯಂಜನನವನ್ನು ಎತ್ತಿಹಿಡಿದರೆ, ವಿಶ್ವಾಸಿಗಳು ಅದನ್ನು ಖಂಡಿಸುತ್ತಿದ್ದರು. ಆದರೆ ಸ್ವಯಂಜನನವನ್ನು ಸಮರ್ಥಿಸಿದವರಲ್ಲಿ ಮುಖ್ಯರಾದ ರೂವಾನ್ ನಗರದ ಫೆಲಿಕ್ಸ್ ಪೂಷೆ ಸ್ವತಃ ದೈವವಿಶ್ವಾಸಿ.

ಪಾಶ್ಚರ್ ತಮ್ಮ ಉತ್ತರವನ್ನು ಪ್ರಯೋಗದಿಂದಲೇ ಕೊಟ್ಟರು. ಸಾರವನ್ನು ಗಾಜಿನ ಪಾತ್ರೆಯಲ್ಲಿಟ್ಟು, ಪಾತ್ರೆಯ ಕೊರಳನ್ನು ಹಂಸದ ಕತ್ತಿನಂತೆ ಬಾಗಿಸಿ ಕುದಿಸಿದರು. ಗಾಳಿ ಒಳಬರಬಹುದಿತ್ತು, ಧೂಳು ಮಾತ್ರ ಬಾಗಿನಲ್ಲೇ ತಂಗುತ್ತಿತ್ತು. ಸಾರ ತಿಂಗಳುಗಟ್ಟಲೆ ತಿಳಿಯಾಗಿಯೇ ಉಳಿಯಿತು. ಕೊರಳನ್ನು ಮುರಿದರೆ ಕೆಲವೇ ದಿನಗಳಲ್ಲಿ ಕದಡಿತು. 1860ರಲ್ಲಿ ಅವರು ಮುಚ್ಚಿದ ಪಾತ್ರೆಗಳನ್ನು ಹೊತ್ತು ಬೆಟ್ಟ ಹತ್ತಿದರು. ಆರ್ಬ್ವಾದ ಬಯಲಿನಲ್ಲಿ ತೆರೆದು ಮುಚ್ಚಿದ 20 ಪಾತ್ರೆಗಳಲ್ಲಿ 8 ಕೆಟ್ಟವು. ಜೂರಾ ಬೆಟ್ಟದ ಮೇಲೆ 20ರಲ್ಲಿ 5. ಆಲ್ಪ್ಸ್ ಪರ್ವತದ ಹಿಮನದಿಯ ಬಳಿ 20ರಲ್ಲಿ ಒಂದೇ ಒಂದು. ಗಾಳಿ ಶುದ್ಧವಾದಷ್ಟೂ ಜೀವಬೀಜಗಳು ವಿರಳ ಎಂಬುದು ಸಿದ್ಧವಾಯಿತು. 1862ರಲ್ಲಿ ವಿಜ್ಞಾನ ಅಕಾಡೆಮಿ ಅವರಿಗೆ ಬಹುಮಾನವಿತ್ತಿತು. 1864ರ ಏಪ್ರಿಲ್ 7ರಂದು ಸೊರ್ಬಾನ್ನಿನಲ್ಲಿ ಅವರು ನೀಡಿದ ಉಪನ್ಯಾಸ ಪ್ಯಾರಿಸಿನ ಮಾತಾಯಿತು.

ಇಲ್ಲಿ ನಿಂತರೆ ಕಥೆ ಪೂರ್ಣವಾಗುವುದಿಲ್ಲ. ಪೂಷೆಯವರೂ ಸಂಗಡಿಗರೂ 1863ರಲ್ಲಿ ಪಿರನೀಸ್ ಪರ್ವತ ಹತ್ತಿ ಪ್ರಯೋಗ ನಡೆಸಿದಾಗ ಅವರ ಪಾತ್ರೆಗಳೆಲ್ಲ ಕೆಟ್ಟವು. ಅವರು ಸುಳ್ಳಾಡಿರಲಿಲ್ಲ. ಪಾಶ್ಚರ್ ಯೀಸ್ಟಿನ ನೀರನ್ನು ಬಳಸಿದ್ದರೆ ಪೂಷೆ ಒಣಹುಲ್ಲಿನ ಸಾರವನ್ನು ಬಳಸಿದ್ದರು. ಒಣಹುಲ್ಲಿನಲ್ಲಿರುವ ಒಂದು ಬ್ಯಾಕ್ಟೀರಿಯಾ ಕಷ್ಟಕಾಲದಲ್ಲಿ ಗಟ್ಟಿಯಾದ ಕವಚ ತೊಟ್ಟು ಬೀಜಕವಾಗಿ ಮಲಗುತ್ತದೆ. ಕುದಿಯುವ ನೀರೂ ಅದನ್ನು ಕೊಲ್ಲಲಾರದು. ಇದನ್ನು ಜರ್ಮನಿಯ ಫರ್ಡಿನಾಂಡ್ ಕೋನ್ 1876ರಲ್ಲಿ ವಿವರಿಸುವವರೆಗೆ ಯಾರಿಗೂ ತಿಳಿದಿರಲಿಲ್ಲ. ಪಾಶ್ಚರ್ ಅವರ ತೀರ್ಮಾನ ಸತ್ಯವಾಗಿತ್ತು, ಆದರೆ ಅವರ ಸಾಕ್ಷ್ಯ ಅವರೆಣಿಸಿದಷ್ಟು ಪೂರ್ಣವಾಗಿರಲಿಲ್ಲ. ಗೆದ್ದವನ ವಾದವೆಲ್ಲ ಸರಿ, ಸೋತವನದೆಲ್ಲ ತಪ್ಪು ಎಂದು ತಿಳಿಯುವುದು ಅವಸರದ ತೀರ್ಪು. ನಮ್ಮ ವಿಶ್ವಾಸವನ್ನು ಅಂದಂದಿನ ವಿಜ್ಞಾನದ ಒಂದು ತೀರ್ಮಾನಕ್ಕೆ ಗಂಟುಹಾಕುವವರು ಅಗಸ್ಟೀನ್-ಅಕ್ವಿನಾಸರ ಸಮಾಧಾನವನ್ನು ಸ್ಮರಿಸಬೇಕು.

ರೇಷ್ಮೆಹುಳು ಮತ್ತು ಮನೆಯ ಸಾವುಗಳು

1865ರಲ್ಲಿ ದಕ್ಷಿಣ ಫ್ರಾನ್ಸಿನ ರೇಷ್ಮೆ ಬೆಳೆಗಾರರು ಹುಳುಗಳ ರೋಗದಿಂದ ದಿವಾಳಿಯಾಗುತ್ತಿದ್ದರು. ಗುರು ದ್ಯುಮಾ ಅವರ ಒತ್ತಾಯಕ್ಕೆ ಮಣಿದು, ಅದುವರೆಗೆ ರೇಷ್ಮೆಹುಳುವನ್ನು ಮುಟ್ಟಿಯೂ ಇರದ ಪಾಶ್ಚರ್ ಅಲೆಸ್ ಎಂಬ ಊರಿಗೆ ಹೋದರು. ಹುಳುವಿನ ದೇಹದಲ್ಲಿ ಕಾಣುವ ಹೊಳೆಯುವ ಕಣಗಳು ರೋಗದ ಪರಿಣಾಮವೆಂದು ಅವರು ಮೊದಲು ತಪ್ಪಾಗಿ ತಿಳಿದರು. ಅವು ಪರೋಪಜೀವಿಗಳೆಂದು ಬೇರೊಬ್ಬ ವಿಜ್ಞಾನಿ ಹೇಳಿದಾಗ ಒಪ್ಪಲಿಲ್ಲ. ಬಳಿಕ ತಮ್ಮದೇ ಪ್ರಯೋಗಗಳ ಮುಂದೆ ಮಣಿದರು. ಅವರು ರೂಪಿಸಿದ ಪರಿಹಾರ ಸರಳ. ಪ್ರತಿಯೊಂದು ಹೆಣ್ಣು ಚಿಟ್ಟೆಯೂ ಬೇರೆಬೇರೆಯಾಗಿ ಮೊಟ್ಟೆಯಿಡಲಿ. ಬಳಿಕ ಆ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಕಣಗಳು ಕಂಡರೆ ಅದರ ಮೊಟ್ಟೆಗಳನ್ನು ಸುಡಬೇಕು. ರಾಮನಗರ, ಶಿಡ್ಲಘಟ್ಟ, ಕೊಳ್ಳೇಗಾಲಗಳ ನಮ್ಮ ರೈತರಿಗೆ ಇದು ಪರಕೀಯವಲ್ಲ. ನಮ್ಮ ರೇಷ್ಮೆ ಬಿತ್ತನೆ ಕೋಠಿಗಳು ರೋಗರಹಿತ ಮೊಟ್ಟೆ ನೀಡಲು ತಾಯಿಚಿಟ್ಟೆಯನ್ನು ಪರೀಕ್ಷಿಸುವ ಪದ್ಧತಿ ಪಾಶ್ಚರ್ ಅವರು ಹಾಕಿಕೊಟ್ಟದ್ದೇ. ನಾವು ಗಂಟುರೋಗವೆನ್ನುವ ಪೆಬ್ರಿನ್ ಅದೇ ರೋಗ.

ಈ ವರ್ಷಗಳು ಅವರಿಗೆ ಸಾವಿನ ವರ್ಷಗಳೂ ಆಗಿದ್ದವು. ಹಿರಿಯ ಮಗಳು ಜಾನ್ 1859ರಲ್ಲಿ ಒಂಬತ್ತರ ಪ್ರಾಯದಲ್ಲಿ ವಿಷಮಶೀತ ಜ್ವರದಿಂದ ತೀರಿಕೊಂಡಿದ್ದಳು. 1865ರ ಜೂನಿನಲ್ಲಿ ತಂದೆ ಹೋದರು. ಸೆಪ್ಟೆಂಬರಿನಲ್ಲಿ ಎರಡು ವರ್ಷದ ಕಾಮೀಲ್ ಹೋದಳು. 1866ರ ಮೇ ತಿಂಗಳಲ್ಲಿ ಹನ್ನೆರಡು ವರ್ಷದ ಸೆಸಿಲ್ ವಿಷಮಶೀತ ಜ್ವರಕ್ಕೇ ಬಲಿಯಾದಳು. ಐವರು ಮಕ್ಕಳಲ್ಲಿ ಉಳಿದವರು ಇಬ್ಬರು. ವಿಷಮಶೀತ ಜ್ವರವನ್ನು ತರುವುದು ಒಂದು ಬ್ಯಾಕ್ಟೀರಿಯಾ ಎಂದು ಜಗತ್ತಿಗೆ ಗೊತ್ತಾಗುವುದಕ್ಕೆ ಇನ್ನೂ ಕಾಲವಿತ್ತು. ಮಕ್ಕಳ ಗೋರಿಗಳಿಂದ ಹಿಂದಿರುಗಿ ಅವರು ಮತ್ತೆ ಸೂಕ್ಷ್ಮದರ್ಶಕದ ಮುಂದೆ ಕುಳಿತರು. 1868ರ ಅಕ್ಟೋಬರ್ 19ರಂದು, ನಲವತ್ತೈದರ ಪ್ರಾಯದಲ್ಲಿ, ಅವರಿಗೆ ಪಾರ್ಶ್ವವಾಯು ಬಡಿಯಿತು. ಎಡಭಾಗ ಮತ್ತೆಂದೂ ಪೂರ್ಣವಾಗಿ ಸರಿಹೋಗಲಿಲ್ಲ. ನಾವಿಂದು ಸ್ಮರಿಸುವ ಲಸಿಕೆಗಳೆಲ್ಲ ಆ ಬಳಿಕದ, ಒಂದು ಕೈ ಸ್ವಾಧೀನವಿಲ್ಲದ ಮನುಷ್ಯನ ಸಾಧನೆಗಳು.

ಕೀರ್ತಿ ಮತ್ತು ಕಲೆ

ಗಾಯ ಕೊಳೆಯುವುದಕ್ಕೂ ಗಾಳಿಯ ಜೀವಿಗಳೇ ಕಾರಣವಿರಬೇಕೆಂದು ಪಾಶ್ಚರ್ ಅವರ ಬರಹಗಳಿಂದ ಗ್ರಹಿಸಿದ ಇಂಗ್ಲಿಷ್ ವೈದ್ಯ ಲಿಸ್ಟರ್ ಶಸ್ತ್ರಚಿಕಿತ್ಸೆಯ ರೀತಿಯನ್ನೇ ಬದಲಿಸಿದರು. 1879ರಲ್ಲಿ ವೈದ್ಯ ಅಕಾಡೆಮಿಯ ಸಭೆಯಲ್ಲಿ ಬಾಣಂತಿಯರ ಸನ್ನಿಯ ಚರ್ಚೆ ನಡೆದಿದ್ದಾಗ ಪಾಶ್ಚರ್ ಎದ್ದುಹೋಗಿ ಆ ರೋಗದ ಸರಪಳಿಯಂಥ ಜೀವಿಯನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದರು. ಕೈತೊಳೆಯದ ವೈದ್ಯರೇ ರೋಗವನ್ನು ಹಾಸಿಗೆಯಿಂದ ಹಾಸಿಗೆಗೆ ಒಯ್ಯುತ್ತಿದ್ದರು.

ಕೋಳಿಗಳ ಕಾಲರಾ ರೋಗದ ಬ್ಯಾಕ್ಟೀರಿಯಾಗಳನ್ನು ಬಹುದಿನ ಇಟ್ಟರೆ ಅವು ಬಲಗುಂದುತ್ತವೆಂದೂ, ಬಲಗುಂದಿದವನ್ನು ಚುಚ್ಚಿದ ಕೋಳಿ ಬಳಿಕ ಬಲವಾದ ರೋಗಾಣುವನ್ನೂ ಎದುರಿಸುತ್ತದೆಂದೂ ಅವರು 1880ರಲ್ಲಿ ಪ್ರಕಟಿಸಿದರು. ಜೆನ್ನರ್ ಸಿಡುಬಿಗೆ ನಿಸರ್ಗದಲ್ಲಿ ಕಂಡುಕೊಂಡಿದ್ದನ್ನು ಪಾಶ್ಚರ್ ಪ್ರಯೋಗಾಲಯದಲ್ಲಿ ಸಾಧಿಸಿದರು. ದನಕುರಿಗಳ ನೆರಡಿ ರೋಗಕ್ಕೆ ಲಸಿಕೆಯ ಬಹಿರಂಗ ಪರೀಕ್ಷೆ 1881ರ ಮೇ 5ರಂದು ಪೂಯಿ-ಲ-ಫೋರ್ ಎಂಬಲ್ಲಿ ಆರಂಭವಾಯಿತು. 24 ಕುರಿಗಳಿಗೆ ಎರಡು ಬಾರಿ ಲಸಿಕೆ ಹಾಕಿ, 24ಕ್ಕೆ ಹಾಕದೆ, ಮೇ 31ರಂದು ಎಲ್ಲಕ್ಕೂ ಮಾರಕ ರೋಗಾಣುವನ್ನು ಚುಚ್ಚಿದರು. ಜೂನ್ 2ರಂದು ನೆರೆದ ಜನ ಕಂಡದ್ದು ಲಸಿಕೆ ಹಾಕಿದ ಕುರಿಗಳೆಲ್ಲ ಜೀವಂತ. ಹಾಕದ ಕುರಿಗಳೆಲ್ಲ ಅಂದಿನ ಸಂಜೆಯೊಳಗೆ ಸತ್ತವು.

ಆದರೆ ಈ ಗೆಲುವಿನಲ್ಲಿ ಒಂದು ಕಲೆ ಉಳಿದಿದೆ. ಗಾಳಿಯ ಆಮ್ಲಜನಕದಿಂದ ಬಲಗುಂದಿಸಿದ ತಮ್ಮದೇ ಲಸಿಕೆಯನ್ನು ಅಲ್ಲಿ ಬಳಸಿದೆನೆಂದು ಜಗತ್ತು ನಂಬುವಂತೆ ಪಾಶ್ಚರ್ ನಡೆದುಕೊಂಡರು. ವಾಸ್ತವವಾಗಿ ಬಳಸಿದ್ದು ಸಹಾಯಕ ಶಾಂಬರ್ಲಾಂ ಪೊಟ್ಯಾಸಿಯಂ ಡೈಕ್ರೊಮೇಟ್ ಎಂಬ ರಾಸಾಯನಿಕದಿಂದ ತಯಾರಿಸಿದ ಲಸಿಕೆಯನ್ನು. ಆ ರಾಸಾಯನಿಕ ಮಾರ್ಗದಲ್ಲಿ ಮೊದಲು ನಡೆದವರು ತುಲೂಸ್ ನಗರದ ಪಶುವೈದ್ಯ ಟೂಸಾಂ. ಅವರಿಗೆ ಸಲ್ಲಬೇಕಾದ ಮನ್ನಣೆ ಅಂದು ಸಲ್ಲಲಿಲ್ಲ. ತಮ್ಮ ಟಿಪ್ಪಣಿ ಪುಸ್ತಕಗಳನ್ನು ಹೊರಗಿನವರಿಗೆ ತೋರಿಸಬಾರದೆಂದು ಪಾಶ್ಚರ್ ಮನೆಯವರಿಗೆ ತಿಳಿಸಿದ್ದರು. ಅವರ ಮೊಮ್ಮಗ 1964ರಲ್ಲಿ ಅವನ್ನು ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಪ್ಪಿಸಿದರು. ಇತಿಹಾಸಕಾರ ಜೆರಾಲ್ಡ್ ಗೀಸನ್ 1995ರಲ್ಲಿ ಅವುಗಳ ಆಧಾರದಿಂದ ಗ್ರಂಥ ಬರೆದಾಗ ಈ ಸಂಗತಿ ಎಲ್ಲೆಡೆ ತಿಳಿಯಿತು. ಸುಳ್ಳುಸಾಕ್ಷಿ ಹೇಳಬಾರದೆಂಬ ಎಂಟನೆಯ ಆಜ್ಞೆ ಪ್ರಯೋಗಾಲಯಕ್ಕೂ ಅನ್ವಯಿಸುತ್ತದೆ, ಪ್ರಬೋಧನೆಗೂ ಅನ್ವಯಿಸುತ್ತದೆ.

ಹುಚ್ಚುನಾಯಿಯ ಮುಂದೆ

ಪಾಶ್ಚರ್ ಎಂಟು ವರ್ಷದ ಬಾಲಕನಾಗಿದ್ದಾಗ, 1831ರಲ್ಲಿ, ಹುಚ್ಚುಹಿಡಿದ ತೋಳವೊಂದು ಆರ್ಬ್ವಾ ಸುತ್ತಿನ ಜನರನ್ನು ಕಚ್ಚಿತ್ತು. ಕಮ್ಮಾರನ ಕುಲುಮೆಯಲ್ಲಿ ಕಾದ ಕಬ್ಬಿಣದಿಂದ ಗಾಯಗಳನ್ನು ಸುಡುತ್ತಿದ್ದಾಗ ಎದ್ದ ಆರ್ತನಾದವನ್ನು ಅವನು ಕೇಳಿದ್ದ. ಅಂದು ಇದ್ದದ್ದು ಅದೊಂದೇ ಚಿಕಿತ್ಸೆ. ರೇಬೀಸಿನಿಂದ ಕಾಪಾಡುವ ಪಾಲಕರೆಂದು ಯೂರೋಪಿನ ಕಥೋಲಿಕರು ಮೊರೆಹೊಗುತ್ತಿದ್ದ ಸಂತ ಹ್ಯೂಬರ್ಟರ ಹೆಸರಿನ ಕೀಲಿಯೂ ಕಾಯಿಸಿ ಗಾಯಕ್ಕೆ ಒತ್ತುವ ಕಬ್ಬಿಣವೇ ಆಗಿತ್ತು.

ಈ ರೋಗದ ಜೀವಿಯನ್ನು ಪಾಶ್ಚರ್ ಎಷ್ಟು ಹುಡುಕಿದರೂ ಕಾಣಲಿಲ್ಲ. ಕಾಣದಿದ್ದರೂ ಅದಿರುವ ಸ್ಥಳವನ್ನು ಅವರೂ ಸಹಾಯಕ ಎಮಿಲ್ ರೂ ಅವರೂ ಗುರುತಿಸಿದರು. ಅದು ಮೆದುಳು ಮತ್ತು ಬೆನ್ನುಹುರಿಯಲ್ಲಿತ್ತು. ರೋಗಪೀಡಿತ ಮೊಲದ ಬೆನ್ನುಹುರಿಯನ್ನು ಒಣಗಾಳಿಯಲ್ಲಿ ತೂಗುಹಾಕಿದರೆ ದಿನದಿಂದ ದಿನಕ್ಕೆ ಅದರ ವಿಷ ಕುಗ್ಗುತ್ತಿತ್ತು. 1885ರ ಜುಲೈ 6ರಂದು ಆಲ್ಸೇಸಿನಿಂದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್ ಎಂಬ ಬಾಲಕನನ್ನು ತಾಯಿ ಕರೆತಂದಳು. ಎರಡು ದಿನಗಳ ಹಿಂದೆ ನಾಯಿ ಅವನನ್ನು ಅನೇಕ ಕಡೆ ಕಚ್ಚಿತ್ತು. ಪಾಶ್ಚರ್ ವೈದ್ಯರಲ್ಲ. ಈ ನಿರ್ದಿಷ್ಟ ಕ್ರಮದ ಪರೀಕ್ಷೆ ನಾಯಿಗಳಲ್ಲಿಯೂ ಪೂರ್ಣಗೊಂಡಿರಲಿಲ್ಲವೆಂಬುದನ್ನು ಅವರ ಟಿಪ್ಪಣಿಗಳು ತೋರಿಸುತ್ತವೆ. ರೂ ಅವರು ಈ ಚಿಕಿತ್ಸೆಯಲ್ಲಿ ಪಾಲ್ಗೊಳ್ಳಲಿಲ್ಲ. ಹುಚ್ಚುನಾಯಿ ಕಚ್ಚಿದವರಿಗೆಲ್ಲ ರೋಗ ಬಂದೇ ಬರುವುದೆಂದಿಲ್ಲ. ಆದ್ದರಿಂದ ಲಸಿಕೆಯೇ ಆರೋಗ್ಯವಂತ ಮಗುವನ್ನು ಕೊಲ್ಲುವ ಸಂಭವವೂ ಇತ್ತು. ಕೈಕಟ್ಟಿ ಕುಳಿತರೆ ಸಾವು, ಮುಂದುವರಿದರೆ ಅಪಾಯ. ನೀತಿಶಾಸ್ತ್ರದ ತರಗತಿಯಲ್ಲಿ ನಾವು ನಿರಾಳವಾಗಿ ಚರ್ಚಿಸುವ ಇಂಥ ಇಕ್ಕಟ್ಟು ಅಂದು ಅಳುತ್ತಿರುವ ಮಗುವಿನ ರೂಪದಲ್ಲಿ ನಿಂತಿತ್ತು. ವೈದ್ಯರಾದ ವ್ಯುಲ್ಪಿಯಾಂ ಮತ್ತು ಗ್ರಾಂಶೆ ಅವರ ಸಲಹೆ ಪಡೆದು ಪಾಶ್ಚರ್ ಒಪ್ಪಿದರು. ಗ್ರಾಂಶೆ ಚುಚ್ಚುಮದ್ದು ಹಾಕಿದರು. ದಿನದಿನಕ್ಕೂ ಹೆಚ್ಚು ಬಲದ 13 ಚುಚ್ಚುಮದ್ದುಗಳು ಸಂದವು. ನಿದ್ರೆಯಿಲ್ಲದ ರಾತ್ರಿಗಳನ್ನು ಪಾಶ್ಚರ್ ಕಳೆದರು. ಬಾಲಕ ಬದುಕಿದ.

ಅಕ್ಟೋಬರಿನಲ್ಲಿ, ಜೊತೆಯ ಬಾಲಕರನ್ನು ಕಾಪಾಡಲು ಹುಚ್ಚುನಾಯಿಯೊಡನೆ ಸೆಣಸಿದ ಹದಿನೈದರ ಕುರಿಗಾಹಿ ಜುಪೀಲ್ ಬಂದು ಬದುಕಿದ. ಆದರೆ ಹತ್ತು ವರ್ಷದ ಲೂಯಿಸ್ ಪೆಲ್ಲೆತಿಯೆಳನ್ನು ತಂದೆತಾಯಿ ಕರೆತಂದಾಗ ಕಚ್ಚಿ 37 ದಿನಗಳಾಗಿದ್ದವು. ತಡವಾಗಿದೆಯೆಂದೂ, ಸೋತರೆ ವಿರೋಧಿಗಳಿಗೆ ಆಯುಧ ದೊರೆಯುವುದೆಂದೂ ತಿಳಿದೇ ಪಾಶ್ಚರ್ ಚಿಕಿತ್ಸೆ ಕೊಡಿಸಿದರು. ಡಿಸೆಂಬರಿನಲ್ಲಿ ಅವಳು ತೀರಿಕೊಂಡಳು. ತಮ್ಮ ಹೆಸರನ್ನು ಪಣವಿಟ್ಟು ಆ ಮಗುವಿನ ಹಾಸಿಗೆಯ ಬಳಿ ಕುಳಿತ ಪಾಶ್ಚರ್ ನನ್ನ ದೃಷ್ಟಿಯಲ್ಲಿ ರೈಲಿನ ಕಥೆಯ ಪಾಶ್ಚರ್‌ಗಿಂತ ದೊಡ್ಡವರು. 1886ರ ಮಾರ್ಚಿನಲ್ಲಿ ರಷ್ಯಾದ ಸ್ಮೋಲೆನ್ಸ್ಕ್‌ನಿಂದ ಹುಚ್ಚುತೋಳ ಕಚ್ಚಿದ 19 ಮಂದಿ ಬಂದರು. ಅವರಲ್ಲಿ 16 ಮಂದಿ ಬದುಕಿ ಊರಿಗೆ ಮರಳಿದರು. ದೇಶವಿದೇಶಗಳ ಜನರ ದೇಣಿಗೆಯಿಂದ 1888ರ ನವೆಂಬರ್ 14ರಂದು ಪ್ಯಾರಿಸಿನಲ್ಲಿ ಪಾಶ್ಚರ್ ಸಂಸ್ಥೆ ಆರಂಭವಾಯಿತು. ಮುಂದೆ ಮೈಸ್ಟರ್ ಅಲ್ಲಿಯೇ ದ್ವಾರಪಾಲಕನಾಗಿ ದುಡಿದು 1940ರಲ್ಲಿ ತೀರಿಕೊಂಡ.

ಪ್ಲೇಗಿನ ಬ್ಯಾಕ್ಟೀರಿಯಾವನ್ನು 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದ ಯೆರ್ಸಿನ್ ಆ ಸಂಸ್ಥೆಯವರು. 1897ರಲ್ಲಿ ಮುಂಬಯಿಯಲ್ಲಿ ಪ್ಲೇಗಿಗೆ ಲಸಿಕೆ ತಯಾರಿಸಿದ ಹಾಫ್ಕಿನ್ ಅಲ್ಲಿಂದಲೇ ಬಂದವರು. ಬೆಂಗಳೂರು-ಮೈಸೂರುಗಳನ್ನು 1898ರಿಂದ ನಡುಗಿಸಿದ ಮಹಾಮಾರಿಯನ್ನು ನಮ್ಮ ಅಜ್ಜ-ಅಜ್ಜಿಯರ ಬಾಯಿಂದ ಕೇಳಿದವರಿದ್ದಾರೆ. ನೀಲಗಿರಿಯ ಕೂನೂರಿನಲ್ಲಿ ದಕ್ಷಿಣ ಭಾರತದ ಪಾಶ್ಚರ್ ಸಂಸ್ಥೆ 1907ರಲ್ಲಿ ಆರಂಭವಾಯಿತು.

ಪಾಶ್ಚರ್ ಕಾಣದೆ ಹೋದದ್ದು ವೈರಸ್. ಲ್ಯಾಟಿನ್ ಭಾಷೆಯಲ್ಲಿ ಈ ಪದಕ್ಕೆ ವಿಷವೆಂದರ್ಥ. ಶಾಂಬರ್ಲಾಂ 1884ರಲ್ಲಿ ಮಾಡಿದ ಪಿಂಗಾಣಿಯ ಶೋಧಕದಲ್ಲಿ ಬ್ಯಾಕ್ಟೀರಿಯಾಗಳು ಸಿಕ್ಕಿಬೀಳುತ್ತಿದ್ದವು. ಅದರಿಂದಲೂ ತೂರಿ ರೋಗ ಹರಡುವುದೊಂದಿದೆ ಎಂದು ತಂಬಾಕಿನ ಗಿಡದ ರೋಗದಲ್ಲಿ ಇವಾನೊವ್ಸ್ಕಿ 1892ರಲ್ಲೂ ಬೈಯೆರಿಂಕ್ 1898ರಲ್ಲೂ ಕಂಡರು. ವೈರಸ್ ಜೀವಕೋಶವಲ್ಲ. ವಂಶಲಿಪಿಯ ತುಣುಕೊಂದು, ಅದರ ಸುತ್ತ ಪ್ರೋಟೀನಿನ ಕವಚ, ಕೆಲವಕ್ಕೆ ಕೊಬ್ಬಿನ ಹೊದಿಕೆ. ಅದು ಉಣ್ಣುವುದಿಲ್ಲ, ಉಸಿರಾಡುವುದಿಲ್ಲ. ಬೇರೆ ಜೀವಕೋಶವನ್ನು ಹೊಕ್ಕು ಅದರ ಯಂತ್ರಗಳನ್ನು ತನ್ನ ಸೇವೆಗೆ ತೊಡಗಿಸಿಯೇ ಅದು ಬೆಳೆಯಬೇಕು. ಬ್ಯಾಕ್ಟೀರಿಯಾವನ್ನು ಕೊಲ್ಲುವ ಆ್ಯಂಟಿಬಯಾಟಿಕ್ ಮಾತ್ರೆ ವೈರಸ್ಸಿಗೆ ನಾಟದಿರುವುದು ಇದರಿಂದಲೇ. 1935ರಲ್ಲಿ ಅಮೆರಿಕದ ಸ್ಟಾನ್ಲಿ ತಂಬಾಕಿನ ಆ ವೈರಸ್ಸನ್ನು ಉಪ್ಪು-ಸಕ್ಕರೆಗಳಂತೆ ಹರಳುಗಟ್ಟಿಸಿದರು. ಹರಳುಗಳಲ್ಲಿ ಜೀವದ ಗುಟ್ಟನ್ನು ಅರಸಲು ಹೊರಟಿದ್ದ ಪಾಶ್ಚರ್ ಅದನ್ನು ಕಂಡಿದ್ದರೆ ಜೀವ-ಜಡಗಳ ಗಡಿ ಎಲ್ಲಿದೆಯೆಂದು ಮತ್ತೊಮ್ಮೆ ಯೋಚಿಸುತ್ತಿದ್ದರೇನೋ. ರೇಬೀಸ್ ವೈರಸ್ ಬಂದೂಕಿನ ಗುಂಡಿನಾಕಾರದ್ದು. ಕಚ್ಚಿದ ಜಾಗದಿಂದ ಅದು ನರಗಳ ಹಾದಿಯಲ್ಲಿ ಮೆಲ್ಲನೆ ಮೆದುಳಿನತ್ತ ಸಾಗುತ್ತದೆ. ಸಾಮಾನ್ಯವಾಗಿ ವಾರಗಳೇ ಹಿಡಿಯುವ ಆ ಪಯಣದ ಅವಧಿಯೇ ಲಸಿಕೆಗೆ ದೊರೆಯುವ ಅವಕಾಶ. ಕಚ್ಚಿದ ಮೇಲೆ ಹಾಕಿದರೂ ಈ ಲಸಿಕೆ ಪ್ರಾಣ ಉಳಿಸುವುದು ಹೀಗೆ.

ಕಾಣದುದರ ವಿಶ್ವಾಸ

ಪಾಶ್ಚರ್ ಎಂಥ ವಿಶ್ವಾಸಿ? ಅವರು 1882ರಲ್ಲಿ ಫ್ರೆಂಚ್ ಅಕಾಡೆಮಿಗೆ ಸದಸ್ಯರಾದಾಗ ದೊರೆತದ್ದು ಪ್ರತ್ಯಕ್ಷವಾದಿ ಲಿತ್ರೆ ಅವರ ಸ್ಥಾನ. ಸ್ವಾಗತಿಸಿದವರು ಸೆಮಿನರಿಯನ್ನೂ ವಿಶ್ವಾಸವನ್ನೂ ತೊರೆದಿದ್ದ ರೆನಾನ್. ಆ ಸಭೆಯಲ್ಲಿ ಪಾಶ್ಚರ್, ಕಣ್ಣಿಗೆ ಕಂಡದ್ದಷ್ಟೇ ಸತ್ಯವೆನ್ನುವ ಮತ ಅನಂತವೆಂಬ ಕಲ್ಪನೆಯನ್ನು ಮರೆತಿದೆಯೆಂದೂ, ಮನುಷ್ಯನ ಮನಸ್ಸು ಅದನ್ನು ತಪ್ಪಿಸಿಕೊಳ್ಳಲಾರದೆಂದೂ ನಿರ್ಭಯವಾಗಿ ವಾದಿಸಿದರು. ದೇವರನ್ನು ಅವರು ಪ್ರಯೋಗದಿಂದ ಸಾಧಿಸಲು ಹೋಗಲಿಲ್ಲ, ಪ್ರಯೋಗಾಲಯದ ಬಾಗಿಲಲ್ಲಿ ನಿರಾಕರಿಸಲೂ ಇಲ್ಲ. 1895ರಲ್ಲಿ ಪ್ಯಾರಿಸಿನ ಹೊರವಲಯದ ವಿಲ್ನೋವ್-ಲೆತಾಂನಲ್ಲಿ ಅವರು ಕೊನೆಯುಸಿರೆಳೆದಾಗ ಒಂದು ಕೈ ಪತ್ನಿಯ ಕೈಯಲ್ಲಿಯೂ ಇನ್ನೊಂದು ಕೈಯಲ್ಲಿ ಶಿಲುಬೆಯೂ ಇತ್ತೆಂದು ಅಳಿಯನ ಗ್ರಂಥ ತಿಳಿಸುತ್ತದೆ. ಅಂತ್ಯಸಂಸ್ಕಾರದ ವಿಧಿ ಅಕ್ಟೋಬರ್ 5ರಂದು ನೋತ್ರ್ ದಾಮ್ ಪ್ರಧಾನಾಲಯದಲ್ಲಿ ರಾಷ್ಟ್ರಗೌರವದೊಡನೆ ನೆರವೇರಿತು. ಜಪಸರದ ಕಥೆ ಇಲ್ಲದೆಯೂ ಇಷ್ಟು ನಮ್ಮ ಪಾಲಿಗಿದೆ.

ಪ್ರಿಯ ಓದುಗರೇ, ಒಂದು ಮಾತನ್ನು ಹೇಳಿ ಮುಗಿಸುತ್ತೇನೆ. ಹಿಂದೆ ನಾನು ಸೇವೆ ಸಲ್ಲಿಸುತ್ತಿದ್ದ ಧರ್ಮಕೇಂದ್ರದಲ್ಲಿ, ನಾಯಿ ಕಚ್ಚಿದ ಗಾಯಕ್ಕೆ ಸುಣ್ಣ ಮತ್ತು ಮೆಣಸಿನಪುಡಿ ಮೆತ್ತಿಕೊಂಡು ಸುಮ್ಮನಿದ್ದ ಕೂಲಿಕಾರ್ಮಿಕನೊಬ್ಬನನ್ನು ಎರಡು ತಿಂಗಳ ಬಳಿಕ ನಾನೇ ಸಮಾಧಿ ಮಾಡಿದೆ. ನೀರಿನ ಲೋಟವನ್ನು ಕಂಡು ಅವನು ನಡುಗಿದ್ದನ್ನು ನಾನು ಮರೆತಿಲ್ಲ. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದೆಂದು ನಮ್ಮ ತಲೆಮಾರಿನವರು ಹೆದರುತ್ತಿದ್ದೆವು. ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದ ಆ ಹಳೆಯ ಲಸಿಕೆ ನಮ್ಮ ದೇಶದಲ್ಲಿ 2005ರ ಹೊತ್ತಿಗೆ ನಿಂತುಹೋಯಿತು. ಈಗ ತೋಳಿಗೆ ಹಾಕುವ ಕೆಲವೇ ಚುಚ್ಚುಮದ್ದುಗಳು ಸಾಕು. ನಾಯಿ ಕಚ್ಚಿದರೆ, ಪರಚಿದರೆ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಸಾಬೂನು ಆ ವೈರಸ್ಸಿನ ಕೊಬ್ಬಿನ ಹೊದಿಕೆಯನ್ನು ಹರಿಯುತ್ತದೆ. ಅಂದೇ ಆಸ್ಪತ್ರೆಗೆ ಹೋಗಿರಿ. ರೋಗದ ಲಕ್ಷಣ ತೋರಿದ ಮೇಲೆ ಉಳಿಸುವುದು ಹೆಚ್ಚುಕಡಿಮೆ ಅಸಾಧ್ಯ. ಪ್ರಾರ್ಥನೆಯನ್ನೂ ಮಾಡಿರಿ. ಆದರೆ ಅದನ್ನು ಆಸ್ಪತ್ರೆಯ ಹಾದಿಯಲ್ಲಿ ಮಾಡಿರಿ.

ಪ್ಯಾರಿಸಿನ ಸಂಸ್ಥೆಯ ನೆಲಮಾಳಿಗೆಯಲ್ಲಿ ಪಾಶ್ಚರ್ ಅವರ ಸಮಾಧಿಯಿದೆ. ಅದರ ಗುಮ್ಮಟದಲ್ಲಿ ನಾಲ್ವರು ದೇವದೂತರ ಚಿತ್ರಗಳಿವೆ. ಮೂವರು ವಿಶ್ವಾಸ, ಭರವಸೆ, ಪ್ರೀತಿ ಎಂಬ ಸದ್ಗುಣಗಳನ್ನು ಸೂಚಿಸುತ್ತಾರೆ. ನಾಲ್ಕನೆಯವನು ವಿಜ್ಞಾನವನ್ನು ಸೂಚಿಸುತ್ತಾನೆ. ಅಂದು ನನ್ನನ್ನು ಪ್ರಶ್ನಿಸಿದ ಹುಡುಗಿ ಈ ಬರಹವನ್ನು ಓದುವಳೆಂದು ಆಶಿಸುತ್ತೇನೆ. ಬರುವ ಅಕ್ಟೋಬರಿನಲ್ಲಿಯೂ ಜಪಸರದ ಮಹಿಮೆಯನ್ನು ಸಾರುವೆ. ರೈಲಿನ ಕಥೆಯನ್ನು ಮಾತ್ರ ಹೇಳುವುದಿಲ್ಲ.